ಪಿಎಚ್‌ಪಿ ಸೈಟಿಗೆ ಪೈಟನ್ ಜೋಡಿಸಬಹುದೇ, ಇಲ್ಲ ಎಲ್ಲವನ್ನೂ ಮತ್ತೆ ಬರೆಯಬೇಕೇ?

ಹಳೆಪುಟ ಕೇಳಿದ್ದು:

ಎಲ್ಲರಿಗೂ ನಮಸ್ಕಾರ.

ಧಾರವಾಡದಲ್ಲಿ ನಮ್ಮದೊಂದು ಸಣ್ಣ ಗುಂಪಿದೆ. ಹಳೆಯ ಕನ್ನಡ ಮಾಸಪತ್ರಿಕೆಗಳನ್ನು ಮನೆಗಳಿಂದ ಕೇಳಿ ತಂದು, ಸ್ಕ್ಯಾನ್ ಮಾಡಿ, ಜೋಪಾನವಾಗಿ ವಾಪಸ್ ಮುಟ್ಟಿಸುತ್ತೇವೆ. ಹೆಚ್ಚಿನವು 1930ರಿಂದ 1960ರ ನಡುವೆ ಅಚ್ಚಾದವು. ಕೆಲವು ಸಂಚಿಕೆಗಳ ಕಾಗದ ಬೆರಳು ತಾಗಿದರೆ ಮುರಿಯುತ್ತದೆ. ಅದಕ್ಕೇ ಈ ಕೆಲಸ ಬೇಗ ಆಗಬೇಕು ಅಂತ ನಮಗೆ ಆತುರ.

ನಮ್ಮ ಸೈಟ್ ಲಾರಾವೆಲ್‌ನಲ್ಲಿದೆ, ಅಂದರೆ ಪಿಎಚ್‌ಪಿ ಭಾಷೆಯಲ್ಲಿ ಸೈಟ್ ಕಟ್ಟುವ ಚೌಕಟ್ಟಿನಲ್ಲಿ. ಡೇಟಾಬೇಸ್ ಮೈಎಸ್‌ಕ್ಯೂಎಲ್ 8. ಸರ್ವರ್ ಬಾಡಿಗೆಯದು, 2 ಕೋರ್, 4 ಜಿಬಿ ಮೆಮೊರಿ. ಈಗ ಲೇಖನದ ಹೆಸರು, ಲೇಖಕರು, ವರ್ಷ ಇಷ್ಟನ್ನೇ ಹುಡುಕಬಹುದು. ಪುಟದ ಒಳಗಿನ ಮಾತನ್ನೂ ಹುಡುಕುವಂತಾಗಬೇಕು ಎನ್ನುವುದು ಓದುಗರ ಬೇಡಿಕೆ.

ನಮ್ಮ ಜೊತೆಗಿರುವ ಒಬ್ಬ ಇಂಜಿನಿಯರಿಂಗ್ ಹುಡುಗ ಪೈಟನ್‌ನಲ್ಲಿ ಒಂದು ಪ್ರೋಗ್ರಾಂ ಬರೆದಿದ್ದಾನೆ. ಓರೆಯಾಗಿ ಬಂದ ಪುಟವನ್ನು ನೆಟ್ಟಗೆ ಮಾಡುತ್ತದೆ, ಎರಡು ಕಾಲಂಗಳನ್ನು ಬೇರೆ ಮಾಡುತ್ತದೆ, ಆಮೇಲೆ ಚಿತ್ರದಲ್ಲಿನ ಅಕ್ಷರವನ್ನು ಪಠ್ಯವಾಗಿಸುವ ಟೆಸರಾಕ್ಟ್ ತಂತ್ರಾಂಶಕ್ಕೆ ಕೊಟ್ಟು ಓದಿಸುತ್ತದೆ. ಅವನ ಲ್ಯಾಪ್‌ಟಾಪ್‌ನಲ್ಲಿ ಚೆನ್ನಾಗಿ ಓಡುತ್ತಿದೆ.

ಅದನ್ನು ಪಿಎಚ್‌ಪಿಯಿಂದ ಶೆಲ್ ಎಕ್ಸೆಕ್ (ಬೇರೆ ಪ್ರೋಗ್ರಾಂ ಓಡಿಸುವ ಫಂಕ್ಷನ್) ಮೂಲಕ ಕರೆದು ನೋಡಿದೆವು. ಒಂದು ಪುಟಕ್ಕೆ ಸರಿಯಾಯಿತು. 48 ಪುಟಗಳ ಪೂರ್ತಿ ಸಂಚಿಕೆ ಕೊಟ್ಟರೆ 504 ದೋಷ (ಉತ್ತರ ಬರಲು ತಡವಾಯಿತು ಅನ್ನುವುದು) ಬರುತ್ತದೆ, ಆ ಹೊತ್ತಿನಲ್ಲಿ ಸೈಟೇ ನಿಂತಂತಾಗುತ್ತದೆ. ಇನ್ನೊಂದು ವಿಚಿತ್ರ: ಫೈಲಿನ ಹೆಸರು ಕನ್ನಡದಲ್ಲಿದ್ದರೆ ಪೈಟನ್‌ಗೆ ಫೈಲೇ ಸಿಗುವುದಿಲ್ಲ.

ಗುಂಪಿನಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ಎಲ್ಲವನ್ನೂ ಪೈಟನ್‌ನ ಸೈಟ್ ಚೌಕಟ್ಟಾದ ಜ್ಯಾಂಗೋದಲ್ಲಿ ಮತ್ತೆ ಬರೆಯೋಣ ಅಂತ ಒಬ್ಬರು. ಪೈಟನ್‌ಗೆ ಬೇರೆ ಸರ್ವರ್ ತೆಗೆದುಕೊಳ್ಳೋಣ ಅಂತ ಇನ್ನೊಬ್ಬರು. ಒಂದೇ ಸೈಟಿನಲ್ಲಿ ಎರಡು ಭಾಷೆ ಇಟ್ಟುಕೊಂಡರೆ ಮುಂದೆ ತೊಂದರೆಯೇ? ಅನುಭವ ಇರುವವರು ದಯವಿಟ್ಟು ಹೇಳಿ.

ಬಯಲುಸೀಮೆ ಬರೆದದ್ದು:

ನನ್ನ ಮತ ಮತ್ತೆ ಬರೆಯುವುದರ ಕಡೆಗೆ. ಎರಡು ಭಾಷೆ ಅಂದರೆ ಎಲ್ಲವೂ ಎರಡೆರಡು. ಲೈಬ್ರರಿ ಅಪ್‌ಡೇಟ್ ಎರಡು ಕಡೆ, ಲಾಗ್ ಎರಡು ಕಡೆ, ಭದ್ರತೆಯ ಚಿಂತೆ ಎರಡು ಕಡೆ. ಸ್ವಯಂಸೇವಕರೇ ನಡೆಸುವ ಗುಂಪಿನಲ್ಲಿ ಎರಡೂ ಬಲ್ಲವರು ಎಷ್ಟು ಜನ ಸಿಗುತ್ತಾರೆ? ಆ ಹುಡುಗ ಕೆಲಸ ಸಿಕ್ಕಿ ಬೆಂಗಳೂರಿಗೆ ಹೋದರೆ ಯಾರು ನೋಡಿಕೊಳ್ಳುತ್ತಾರೆ?

ದೊಡ್ಡವರ ಉದಾಹರಣೆಯೂ ಇದೆ. ವಿಕಿಪೀಡಿಯ ನಡೆಯುವುದು ಮೀಡಿಯಾವಿಕಿ ಎಂಬ ಪಿಎಚ್‌ಪಿ ತಂತ್ರಾಂಶದ ಮೇಲೆ. ಅವರ ವಿಶುವಲ್ ಎಡಿಟರ್‌ಗಾಗಿ ಪಾರ್ಸಾಯ್ಡ್ ಎಂಬ ಭಾಗವನ್ನು ನೋಡ್ ಜೆಎಸ್‌ನಲ್ಲಿ, ಅಂದರೆ ಜಾವಾಸ್ಕ್ರಿಪ್ಟ್‌ನಲ್ಲಿ, ಬೇರೆ ಸೇವೆಯಾಗಿ ಕಟ್ಟಿದ್ದರು. ಕೊನೆಗೆ 2019ರಲ್ಲಿ ಅದನ್ನು ಪಿಎಚ್‌ಪಿಗೇ ತಂದರು. ಅಷ್ಟು ಅನುಭವಿಗಳೇ ಒಂದು ಭಾಷೆಗೆ ಮರಳಿದರಲ್ಲ, ಯೋಚನೆ ಮಾಡಿ.

ಸರ್ವರ್‌ಕಟ್ಟೆ ಬರೆದದ್ದು:

ಹಳೆಪುಟ ಅವರೇ, ದಯವಿಟ್ಟು ಮತ್ತೆ ಬರೆಯಲು ಹೋಗಬೇಡಿ. ನಿಮ್ಮ ಲಾರಾವೆಲ್ ಸೈಟ್ ಇವತ್ತು ಓದುಗರಿಗೆ ಸಿಗುತ್ತಿದೆ. ಅದನ್ನು ಜ್ಯಾಂಗೋಗೆ ತಿರುಗಿಸುವ ತಿಂಗಳುಗಳಲ್ಲಿ ಒಂದು ಸಂಚಿಕೆಯೂ ಹೆಚ್ಚಿಗೆ ಸ್ಕ್ಯಾನ್ ಆಗುವುದಿಲ್ಲ. ಕಾಗದ ಪುಡಿಯಾಗುತ್ತಿದೆ ಅಂತ ನೀವೇ ಹೇಳಿದ್ದೀರಿ. ನಿಮ್ಮ ಸಮಯ ಅಲ್ಲಿಗೆ ಹೋಗಬೇಕು.

ನಾನು ಮೈಸೂರಿನಲ್ಲಿ ಒಂದು ಪ್ರಕಾಶನದ ಸೈಟ್ ನೋಡಿಕೊಳ್ಳುತ್ತೇನೆ. ಪುಸ್ತಕದ ಅಂಗಡಿ, ಬಿಲ್ಲು, ಗ್ರಾಹಕರ ಲಾಗಿನ್ ಎಲ್ಲ ಪಿಎಚ್‌ಪಿ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಪುಸ್ತಕಗಳನ್ನು ಯೂನಿಕೋಡಿಗೆ ಬದಲಿಸುವುದು, ಪಿಡಿಎಫ್‌ನಿಂದ ಮಾದರಿ ಪುಟ ತೆಗೆಯುವುದು ಪೈಟನ್. ಎರಡೂ ಒಂದೇ ಸರ್ವರ್‌ನಲ್ಲಿ ನೆಮ್ಮದಿಯಾಗಿ ಓಡುತ್ತಿವೆ.

ಬಯಲುಸೀಮೆ ಅವರು ಪಾರ್ಸಾಯ್ಡ್ ಬಗ್ಗೆ ಹೇಳಿದ್ದು ನಿಜ. ಆದರೆ ಕಾರಣ ನೋಡಬೇಕು. ವಿಕಿಯ ಒಂದು ಪುಟವನ್ನು ಬಿಡಿಸಲು ಪಾರ್ಸಾಯ್ಡ್‌ಗೆ ಟೆಂಪ್ಲೇಟ್ ಬೇಕು, ಚಿತ್ರದ ವಿವರ ಬೇಕು, ಆ ವಿಕಿಯ ಸೆಟ್ಟಿಂಗ್ ಬೇಕು. ಅದೆಲ್ಲ ಇರುವುದು ಮೀಡಿಯಾವಿಕಿಯ ಒಳಗೆ. ಹಾಗಾಗಿ ಅದು ಮತ್ತೆ ಮತ್ತೆ ಆ ಕಡೆಗೆ ಕೇಳಿಕೊಂಡು ಹೋಗಬೇಕಿತ್ತು. ಒಂದೇ ಕೆಲಸದ ನಡುವೆ ಗೆರೆ ಎಳೆದಂತಾಗಿತ್ತು. ಅದೇ ಮೀಡಿಯಾವಿಕಿಯಲ್ಲಿ ಲೂವಾ ಎಂಬ ಇನ್ನೊಂದು ಭಾಷೆ 2013ರಿಂದ ಇವತ್ತಿನವರೆಗೂ ಇದೆ, ಅದನ್ನು ಯಾರೂ ತೆಗೆದಿಲ್ಲ. ಕನ್ನಡ ವಿಕಿಪೀಡಿಯದ ಮಾಡ್ಯೂಲ್ ಪುಟಗಳನ್ನು ತೆರೆದು ನೋಡಿ, ಅಲ್ಲಿರುವುದು ಲೂವಾ. ಅದಕ್ಕೆ ಒಂದು ಪುಟಕ್ಕೆ ಇಷ್ಟೇ ಸಮಯ, ಇಷ್ಟೇ ಮೆಮೊರಿ ಎಂಬ ಮಿತಿ ಹಾಕಿ ಕೂರಿಸಿದ್ದಾರೆ. ಹೀಗೆ ಬೇಲಿ ಹಾಕಿಟ್ಟ ಕೆಲಸ ಬೇರೆ ಭಾಷೆಯಲ್ಲಿದ್ದರೆ ಯಾರಿಗೂ ಭಾರವಾಗುವುದಿಲ್ಲ. ಗಿಟ್‌ಲ್ಯಾಬ್ ಕೂಡ ಹಾಗೆಯೇ. ಮುಖ್ಯ ಸೈಟ್ ರೂಬಿಯಲ್ಲಿದೆ, ದೊಡ್ಡ ಫೈಲ್ ಅಪ್‌ಲೋಡ್‌ನಂತಹ ನಿಧಾನದ ಕೆಲಸಗಳನ್ನು ಗೋ ಭಾಷೆಯ ವರ್ಕ್‌ಹಾರ್ಸ್ ಹಿಡಿದುಕೊಳ್ಳುತ್ತದೆ.

ಆದ್ದರಿಂದ ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ. ಒಂದು ಕೆಲಸ ಮುಗಿಯಲು ಈ ಎರಡು ಕಡೆಯವರು ಎಷ್ಟು ಸಲ ಮಾತಾಡಬೇಕು? ನಿಮ್ಮದರಲ್ಲಿ ಎರಡೇ ಸಲ. "ಈ ಚಿತ್ರ ಓದು" ಅಂತ ಒಮ್ಮೆ, "ಓದಿದ್ದು ಇಷ್ಟು" ಅಂತ ಒಮ್ಮೆ. ಎರಡು ಭಾಷೆ ಇಡಲು ಇದಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ.

ಈಗ 504 ಯಾಕೆ ಬಂತು ನೋಡೋಣ. ನಿಮ್ಮ ಪಿಎಚ್‌ಪಿಯ ಎದುರಿಗೆ ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ಇದೆ ಅಂದುಕೊಂಡಿದ್ದೇನೆ. ಅದು ಹಿಂದಿನಿಂದ 60 ಸೆಕೆಂಡು ಏನೂ ಬರದಿದ್ದರೆ ಕೈಬಿಟ್ಟು 504 ತೋರಿಸುತ್ತದೆ. ಆದರೆ ಹಿಂದೆ ಕೆಲಸ ನಿಂತಿರುವುದಿಲ್ಲ. ಪಿಎಚ್‌ಪಿಗೆ 30 ಸೆಕೆಂಡಿನ ಮಿತಿ ಇದೆಯಲ್ಲ ಅಂತ ಕೇಳಬಹುದು. ಲಿನಕ್ಸ್‌ನಲ್ಲಿ ಶೆಲ್ ಎಕ್ಸೆಕ್ ಮುಗಿಯಲಿ ಅಂತ ಕಾಯುವ ಹೊತ್ತು ಆ ಲೆಕ್ಕಕ್ಕೆ ಸೇರುವುದೇ ಇಲ್ಲ. ಹೀಗಾಗಿ ಪೈಟನ್ ಓಡುತ್ತಲೇ ಇರುತ್ತದೆ, ಅದನ್ನು ಕರೆದ ಪಿಎಚ್‌ಪಿ ಪ್ರಕ್ರಿಯೆಯೂ ಕಾಯುತ್ತಲೇ ಇರುತ್ತದೆ. ಪಿಎಚ್‌ಪಿ ಪ್ರಕ್ರಿಯೆಗಳನ್ನು ನಡೆಸುವ ಎಫ್‌ಪಿಎಂನ ಮೂಲ ಸೆಟ್ಟಿಂಗ್‌ನಲ್ಲಿ ಒಟ್ಟು 5 ಪ್ರಕ್ರಿಯೆಗಳಿಗಷ್ಟೇ ಅವಕಾಶ. ನೀವು ದೋಷ ಬಂತು ಅಂತ ಮತ್ತೆ ಮತ್ತೆ ಒತ್ತಿದಷ್ಟೂ ಒಂದೊಂದು ಪ್ರಕ್ರಿಯೆ ಸಿಕ್ಕಿಕೊಳ್ಳುತ್ತದೆ. ಐದೂ ಸಿಕ್ಕಿಕೊಂಡರೆ ಸುಮ್ನೆ ಮುಖಪುಟ ನೋಡಲು ಬಂದವರಿಗೂ ಸೈಟ್ ತೆರೆಯುವುದಿಲ್ಲ. ಎಂಜಿನ್‌ಎಕ್ಸ್‌ನ ಸಮಯ ಹೆಚ್ಚಿಸಿ ಅಂತ ಯಾರಾದರೂ ಸಲಹೆ ಕೊಟ್ಟರೆ ಒಪ್ಪಬೇಡಿ. ಅದರಿಂದ ಸಿಕ್ಕಿಕೊಂಡವರು ಇನ್ನೂ ಜಾಸ್ತಿ ಹೊತ್ತು ಕಾಯುತ್ತಾರೆ, ಅಷ್ಟೆ.

ಕನ್ನಡ ಹೆಸರಿನ ಫೈಲ್ ಮಾಯವಾಗಿದ್ದಕ್ಕೆ ಬೇರೆ ಕಾರಣ. ಶೆಲ್‌ಗೆ ಕೊಡುವ ಮೊದಲು ಹೆಸರನ್ನು ಎಸ್ಕೇಪ್ ಶೆಲ್ ಆರ್ಗ್ ಎಂಬ ಫಂಕ್ಷನ್ ಮೂಲಕ ದಾಟಿಸಿರುತ್ತೀರಿ. ಸರ್ವರ್‌ನ ಲೊಕೇಲ್ (ಭಾಷೆ, ಲಿಪಿಯ ಸೆಟ್ಟಿಂಗ್) ಬರೀ "ಸಿ" ಅಂತ ಇದ್ದರೆ ಆ ಫಂಕ್ಷನ್ ಕನ್ನಡ ಅಕ್ಷರಗಳನ್ನು ಸದ್ದಿಲ್ಲದೆ ಕಿತ್ತುಹಾಕುತ್ತದೆ. ದೋಷವನ್ನೂ ತೋರಿಸುವುದಿಲ್ಲ. ಲೊಕೇಲ್ ಸರಿ ಮಾಡಿದರೆ ಹೋಗುತ್ತದೆ. ಪಿಎಚ್‌ಪಿ 7.4ರಿಂದ ಪ್ರಾಕ್ ಓಪನ್ ಎಂಬ ಫಂಕ್ಷನ್‌ಗೆ ಆಜ್ಞೆಯನ್ನು ಅರೇ (ಪಟ್ಟಿ) ಆಗಿ ಕೊಡಬಹುದು, ಆಗ ಶೆಲ್ ನಡುವೆ ಬರುವುದೇ ಇಲ್ಲ. ಆದರೂ ನನ್ನ ಸಲಹೆ: ಡಿಸ್ಕ್‌ನಲ್ಲಿ ಫೈಲಿಗೆ ಬರೀ ಸಂಖ್ಯೆಯ ಹೆಸರಿಡಿ. "ಸಂಚಿಕೆ 412, ಪುಟ 17" ಅನ್ನುವಷ್ಟು ತಿಳಿದರೆ ಸಾಕು. ಜನ ಕೊಟ್ಟ ಕನ್ನಡ ಹೆಸರು ಡೇಟಾಬೇಸ್‌ನಲ್ಲಿರಲಿ.

ಮಾಡಬೇಕಾದ್ದು ಇಷ್ಟು. ಪಿಎಚ್‌ಪಿಯಿಂದ ಪೈಟನ್ ಅನ್ನು ನೇರವಾಗಿ ಕರೆಯಲೇಬೇಡಿ. ಹಿಟ್ಟಿನ ಗಿರಣಿಯಲ್ಲಿ ಡಬ್ಬಿ ಇಟ್ಟು, ಹೆಸರು ಹೇಳಿ ಬರುತ್ತೇವಲ್ಲ, ಹಾಗೆ ಕೆಲಸವನ್ನು ಇಟ್ಟು ಬರಬೇಕು. ಅದಕ್ಕೆ ಮೈಎಸ್‌ಕ್ಯೂಎಲ್‌ನಲ್ಲಿ ಒಂದು ಟೇಬಲ್ ಸಾಕು. ಪುಟದ ಸಂಖ್ಯೆ, ಚಿತ್ರ ಇರುವ ಜಾಗ, ಸ್ಥಿತಿ, ಎಷ್ಟನೇ ಪ್ರಯತ್ನ, ಶುರುವಾದ ಹೊತ್ತು, ದೋಷವಿದ್ದರೆ ಅದರ ಪಠ್ಯ. ಸಂಚಿಕೆ ಅಪ್‌ಲೋಡ್ ಆದ ಕೂಡಲೇ ಲಾರಾವೆಲ್ 48 ಸಾಲು ಸೇರಿಸಿ "ಕೆಲಸ ಸಾಲಿನಲ್ಲಿದೆ" ಅಂತ ಹೇಳಿ ಮುಗಿಸಲಿ. ಪೂರ್ತಿ ಸಂಚಿಕೆಗೆ ಒಂದು ಸಾಲು ಬೇಡ, ಪುಟಕ್ಕೊಂದು ಸಾಲು ಇರಲಿ. 31ನೇ ಪುಟ ಕೆಟ್ಟರೆ ಅದೊಂದನ್ನೇ ಮತ್ತೆ ಓಡಿಸಬಹುದು.

ಪೈಟನ್ ಕಡೆ ಸಾಲಿನಲ್ಲಿರುವ ಕೆಲಸ ಎತ್ತಿ ಮಾಡುವ ಒಂದು ವರ್ಕರ್ ಪ್ರೋಗ್ರಾಂ ಸದಾ ಓಡುತ್ತಿರಲಿ. ಲಿನಕ್ಸ್‌ನಲ್ಲಿ ಸೇವೆಗಳನ್ನು ನಡೆಸುವ ಸಿಸ್ಟಂಡಿ ಅದನ್ನು ನೋಡಿಕೊಳ್ಳಲಿ, ಹಾಗೆ ಸೆಟ್ ಮಾಡಿಟ್ಟರೆ ಬಿದ್ದಾಗ ತಾನಾಗಿ ಎಬ್ಬಿಸುತ್ತದೆ. ವರ್ಕರ್ ಒಂದು ಸಾಲನ್ನು ಹಿಡಿಯುತ್ತದೆ, "ನಡೆಯುತ್ತಿದೆ" ಅಂತ ಗುರುತು ಹಾಕಿ ಕಮಿಟ್ ಮಾಡುತ್ತದೆ (ಡೇಟಾಬೇಸ್‌ನಲ್ಲಿ ಗಟ್ಟಿಯಾಗಿ ಉಳಿಸುತ್ತದೆ), ಪುಟ ಓದುತ್ತದೆ, ಪಠ್ಯ ಬರೆಯುತ್ತದೆ. ಮೈಎಸ್‌ಕ್ಯೂಎಲ್ 8ರಲ್ಲಿ ಸ್ಕಿಪ್ ಲಾಕ್ಡ್ ಎಂಬ ಸೌಲಭ್ಯ ಇದೆ. ನಾಳೆ ಎರಡು ವರ್ಕರ್ ಇಟ್ಟರೂ ಒಂದು ಹಿಡಿದ ಸಾಲನ್ನು ಇನ್ನೊಂದು ಬಿಟ್ಟು ಮುಂದಿನದಕ್ಕೆ ಹೋಗುತ್ತದೆ. ಪುಟ ಓದುವಾಗ ಟ್ರಾನ್ಸಾಕ್ಷನ್ (ಇನ್ನೂ ಕಮಿಟ್ ಆಗದ ಡೇಟಾಬೇಸ್ ಕೆಲಸ) ತೆರೆದಿಟ್ಟುಕೊಳ್ಳಬೇಡಿ. ಬಹಳ ಹೊತ್ತಿನಿಂದ "ನಡೆಯುತ್ತಿದೆ" ಅಂತಲೇ ಇರುವ ಸಾಲುಗಳನ್ನು ವಾಪಸ್ ಸಾಲಿಗೆ ಹಾಕುವ ಒಂದು ಸಣ್ಣ ಕೆಲಸವನ್ನು ಹೊತ್ತುಹೊತ್ತಿಗೆ ಕೆಲಸ ಓಡಿಸುವ ಲಾರಾವೆಲ್‌ನ ಷೆಡ್ಯೂಲರ್‌ಗೆ ಕೊಡಿ.

ಲಾರಾವೆಲ್‌ಗೆ ತನ್ನದೇ ಕ್ಯೂ (ಕೆಲಸದ ಸಾಲು) ಇದೆಯಲ್ಲ, ಅದನ್ನೇ ಪೈಟನ್ ಓದಲಿ ಅಂತ ಅನ್ನಿಸಬಹುದು. ಬೇಡ. ಅದು ಕೆಲಸದ ವಿವರವನ್ನು ಪಿಎಚ್‌ಪಿ ಆಬ್ಜೆಕ್ಟ್ ರೂಪದಲ್ಲಿ ಸುತ್ತಿ ಇಡುತ್ತದೆ, ಪೈಟನ್‌ಗೆ ಅದು ಅರ್ಥವಾಗುವುದಿಲ್ಲ. ಪೈಟನ್‌ನ ಕ್ಯೂ ಆದ ಸೆಲರಿಯದೂ ತನ್ನದೇ ರೀತಿ. ಎರಡು ಭಾಷೆಗಳ ನಡುವೆ ಇರುವುದು ಇಬ್ಬರಿಗೂ ಓದಲು ಬರುವ ಸಾದಾ ಸಾಲುಗಳಾಗಿರಲಿ.

ಕೊನೆಯದಾಗಿ ಒಂದು ಮಾತು, ಇದನ್ನು ನಾನು ಬಹಳ ಗಟ್ಟಿಯಾಗಿ ನಂಬುತ್ತೇನೆ. ಡೇಟಾಬೇಸ್‌ಗೆ ಒಬ್ಬನೇ ಯಜಮಾನ ಇರಬೇಕು. ಟೇಬಲ್ ಹುಟ್ಟಿಸುವುದು, ಬದಲಿಸುವುದು ಎಲ್ಲ ಲಾರಾವೆಲ್ ಮೂಲಕವೇ ಆಗಲಿ. ಪೈಟನ್‌ಗೆ ಬೇರೆ ಮೈಎಸ್‌ಕ್ಯೂಎಲ್ ಯೂಸರ್ ಮಾಡಿ, ಕೆಲಸದ ಟೇಬಲ್ ಮತ್ತು ಪಠ್ಯದ ಟೇಬಲ್ ಬಿಟ್ಟು ಬೇರೆ ಯಾವುದನ್ನೂ ಮುಟ್ಟಲು ಅನುಮತಿ ಕೊಡಬೇಡಿ. ಬಾಯಿಮಾತಿನ ಒಪ್ಪಂದ ಸಾಲದು. ಆ ಹುಡುಗ ಊರು ಬಿಟ್ಟ ಮೇಲೂ ಈ ಗೆರೆ ಉಳಿಯಬೇಕು, ಅಲ್ವಾ?

ಬಯಲುಸೀಮೆ ಬರೆದದ್ದು:

ಪಾರ್ಸಾಯ್ಡ್ ವಿಷಯದ ಕಾರಣ ಒಪ್ಪಿದೆ. ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಟೆಸರಾಕ್ಟ್ ಸ್ವತಃ ಸಿ ಪ್ಲಸ್ ಪ್ಲಸ್ ಪ್ರೋಗ್ರಾಂ. ಪೈಟೆಸರಾಕ್ಟ್ ಅನ್ನುವ ಲೈಬ್ರರಿ ಒಳಗೆ ಮಾಡುವುದೂ ಅದೇ ಆಜ್ಞೆಯನ್ನು ಓಡಿಸುವುದು. ಹಾಗಿದ್ದರೆ ಪಿಎಚ್‌ಪಿಯೇ ಹಿನ್ನೆಲೆಯಲ್ಲಿ ಟೆಸರಾಕ್ಟ್ ಓಡಿಸಬಹುದಲ್ಲ. ನಡುವೆ ಪೈಟನ್ ಯಾಕೆ?

ಸರ್ವರ್‌ಕಟ್ಟೆ ಬರೆದದ್ದು:

ಇದನ್ನು ಮೊದಲೇ ಕೇಳಬೇಕಿತ್ತು, ಒಳ್ಳೆಯ ಪ್ರಶ್ನೆ. ಬರೀ ಅಕ್ಷರ ಓದಿಸುವುದಷ್ಟೇ ಆಗಿದ್ದರೆ ಪೈಟನ್ ಖಂಡಿತ ಬೇಡ. ಲಾರಾವೆಲ್‌ನ ಕ್ಯೂನಿಂದಲೇ ಟೆಸರಾಕ್ಟ್ ಓಡಿಸಿದರೆ ಸಾಕು.

ಇಲ್ಲಿ ಪೈಟನ್ ಬೇಕಾಗಿರುವುದು ಅದಕ್ಕೂ ಮೊದಲಿನ ಕೆಲಸಕ್ಕೆ. ಓರೆ ಸರಿ ಮಾಡುವುದು, ಹಳದಿ ಕಾಗದದ ಕಲೆ ತೆಗೆದು ಕಪ್ಪು ಬಿಳಿ ಮಾಡುವುದು, ಕಾಲಂ ಬೇರೆ ಮಾಡುವುದು. ಕನ್ನಡದಲ್ಲಿ ಒತ್ತಕ್ಷರ ಸಾಲಿನ ಕೆಳಗೆ ಇಳಿಯುತ್ತದೆ. ಹಳೆಯ ಅಚ್ಚಿನಲ್ಲಿ ಸಾಲುಗಳು ಒತ್ತೊತ್ತಾಗಿರುತ್ತವೆ, ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಅಂತಹ ಪುಟವನ್ನು ಹಾಗೇ ಕೊಟ್ಟರೆ ಟೆಸರಾಕ್ಟ್ ಸಾಲು ಗುರುತಿಸುವುದರಲ್ಲೇ ಸೋಲುತ್ತದೆ. ಈ ತಯಾರಿಗೆ ಬೇಕಾದ ಓಪನ್‌ಸಿವಿ (ಚಿತ್ರ ಸಂಸ್ಕರಣೆಗೆ), ನಂಪೈ (ಲೆಕ್ಕಕ್ಕೆ) ಎಂಬ ಲೈಬ್ರರಿಗಳು ಇರುವುದು ಪೈಟನ್‌ನಲ್ಲಿ. ಪಿಎಚ್‌ಪಿಯಲ್ಲಿ ಅಷ್ಟು ಹದವಾದ ಸಲಕರಣೆ ಇಲ್ಲ. ಭಾಷೆಯ ಮೇಲಿನ ಪ್ರೀತಿಗಾಗಿ ಎರಡನೇ ಭಾಷೆ ತರಬಾರದು. ಒಂದು ಕೆಲಸ ಮೊದಲ ಭಾಷೆಯಲ್ಲಿ ನಿಜವಾಗಿ ಆಗದಿದ್ದಾಗ ತರಬೇಕು.

ಸ್ಕ್ಯಾನ್ 300 ಡಿಪಿಐಗಿಂತ (ಇಂಚಿಗೆ 300 ಚುಕ್ಕಿ) ಕಡಿಮೆ ಇದ್ದರೆ ಯಾವ ಭಾಷೆಯೂ ಕಾಪಾಡುವುದಿಲ್ಲ, ಅದನ್ನು ಮೊದಲು ನೋಡಿ.

ಹಳೆಪುಟ ಬರೆದದ್ದು:

ಎಲ್ಲರಿಗೂ ತುಂಬಾ ಧನ್ಯವಾದ. ಕೆಲಸದ ಟೇಬಲ್ ಮಾಡಿದೆವು. ಈಗ ಅಪ್‌ಲೋಡ್ ಮಾಡಿದ ಕೂಡಲೇ ಪುಟ ವಾಪಸ್ ಬರುತ್ತದೆ, "48ರಲ್ಲಿ 12 ಪುಟ ಮುಗಿದಿದೆ" ಅಂತ ತೋರಿಸುತ್ತದೆ. ಗುಂಪಿನ ಹಿರಿಯರೊಬ್ಬರು ಅದನ್ನು ನೋಡುತ್ತಾ ಕೂತುಬಿಟ್ಟಿದ್ದರು.

ಇನ್ನೆರಡು ಸಂಶಯ. ಓದಿಸಿದ ಪಠ್ಯದಲ್ಲಿನ ತಪ್ಪು ತಿದ್ದಲು ಹುಡುಗ ಪೈಟನ್‌ನ ಫ್ಲಾಸ್ಕ್ ಎಂಬ ಸೈಟ್ ಚೌಕಟ್ಟಿನಲ್ಲಿ ಒಂದು ಪರದೆ ಮಾಡಿದ್ದಾನೆ. ಲಾರಾವೆಲ್‌ನಲ್ಲಿ ಲಾಗಿನ್ ಆದವರೇ ಅದನ್ನೂ ಬಳಸಬೇಕು. ಎರಡು ಸಲ ಲಾಗಿನ್ ಆಗಿ ಅಂತ ವಯಸ್ಸಾದವರಿಗೆ ಹೇಳಲಾರೆವು.

ಎರಡನೆಯದು ಹುಡುಕಾಟ. "ಕೋಟೆ" ಅಂತ ಹುಡುಕಿದರೆ ಕೆಲವು ಪುಟ ಸಿಗುತ್ತವೆ, ಕೆಲವು ಸಿಗುವುದಿಲ್ಲ. ಸಿಗದ ಪುಟ ತೆರೆದು ನೋಡಿದರೆ ಅಲ್ಲಿ "ಕೋಟೆ" ಅಂತಲೇ ಇದೆ! "ಸಂಜೆ" ಪದಕ್ಕೂ ಹೀಗೇ ಆಗುತ್ತಿದೆ.

ಕಡಲತಡಿ ಬರೆದದ್ದು:

ಮೊದಲನೆಯದಕ್ಕೆ ನನ್ನ ಉತ್ತರ. ಪೈಟನ್‌ನಿಂದ ಲಾರಾವೆಲ್‌ನ ಲಾಗಿನ್ ಗುರುತಿನ ಕುಕಿ ಓದಲು ಹೋಗಬೇಡಿ. ಲಾರಾವೆಲ್ ಕುಕಿಯನ್ನು ತನ್ನ ಆ್ಯಪ್ ಕೀಯಿಂದ ಎನ್‌ಕ್ರಿಪ್ಟ್ ಮಾಡಿರುತ್ತದೆ, ಸೆಷನ್ ಒಳಗಿನದು ಪಿಎಚ್‌ಪಿಯ ಸೀರಿಯಲೈಸ್ ರೂಪದಲ್ಲಿರುತ್ತದೆ. ಬಿಡಿಸಬಹುದು, ಆದರೆ ಲಾರಾವೆಲ್‌ನ ಮುಂದಿನ ಆವೃತ್ತಿ ಬಂದಾಗ ಮತ್ತೆ ಮುರಿಯಬಹುದು.

ಎಂಜಿನ್‌ಎಕ್ಸ್‌ನಲ್ಲಿ ಆಥ್ ರಿಕ್ವೆಸ್ಟ್ ಎಂಬ ಸೌಲಭ್ಯ ಇದೆ. ಫ್ಲಾಸ್ಕ್‌ಗೆ ಹೋಗುವ ಪ್ರತಿ ಮನವಿಗೂ ಮೊದಲು ಅದು ಲಾರಾವೆಲ್‌ನ ಒಂದು ವಿಳಾಸಕ್ಕೆ ಒಳಗಿಂದೊಳಗೇ ಕೇಳುತ್ತದೆ. ಅಲ್ಲಿಂದ 200ರ ಸಾಲಿನ ಉತ್ತರ ಬಂದರೆ ಒಳಗೆ ಬಿಡುತ್ತದೆ, 401 ಅಥವಾ 403 ಬಂದರೆ ತಡೆಯುತ್ತದೆ. ಯಾರು ಎನ್ನುವುದನ್ನು ಒಂದು ಹೆಡರ್‌ನಲ್ಲಿ ಫ್ಲಾಸ್ಕ್‌ಗೆ ದಾಟಿಸಬಹುದು. ಫ್ಲಾಸ್ಕ್ ಮಾತ್ರ 127.0.0.1ರಲ್ಲೇ, ಅಂದರೆ ಅದೇ ಸರ್ವರ್‌ನ ಒಳಗಿನಿಂದಲೇ, ಕೇಳಿಸಿಕೊಳ್ಳಲಿ. ಹೊರಗಿನಿಂದ ನೇರವಾಗಿ ತಲುಪುವಂತಿದ್ದರೆ ಯಾರು ಬೇಕಾದರೂ ಆ ಹೆಡರ್ ಬರೆದುಕೊಂಡು ಬರಬಹುದು.

ಸರ್ವರ್‌ಕಟ್ಟೆ ಬರೆದದ್ದು:

ಕಡಲತಡಿ ಅವರು ಹೇಳಿದ ದಾರಿ ಸರಿಯಾಗಿದೆ. ಆದರೆ ಆ ತಿದ್ದುವ ಪರದೆಯನ್ನೇ ಲಾರಾವೆಲ್‌ಗೆ ತನ್ನಿ ಅಂತ ನಾನು ಕೇಳಿಕೊಳ್ಳುತ್ತೇನೆ. ಒಂದು ಚಿತ್ರ, ಪಕ್ಕದಲ್ಲಿ ಪಠ್ಯ, ಉಳಿಸು ಬಟನ್, ಇಷ್ಟೇ ತಾನೇ? ಇದರಲ್ಲಿ ಪೈಟನ್ ಮಾತ್ರ ಮಾಡಬಲ್ಲ ಕೆಲಸ ಏನೂ ಇಲ್ಲ. ಯಾರು ತಿದ್ದಿದರು, ಯಾವಾಗ ತಿದ್ದಿದರು ಎನ್ನುವುದು ಬಳಕೆದಾರರ ಟೇಬಲ್ ಇರುವ ಕಡೆಯೇ ಇರಲಿ. ಪದ ಎಲ್ಲಿದೆ ಅಂತ ಚಿತ್ರದ ಮೇಲೆ ತೋರಿಸಬೇಕಾದರೆ ಟೆಸರಾಕ್ಟ್ ಎಚ್‌ಓಸಿಆರ್ ರೂಪದಲ್ಲಿ ಪ್ರತಿ ಪದದ ಜಾಗ ಕೊಡುತ್ತದೆ. ವರ್ಕರ್ ಅದನ್ನು ಉಳಿಸಿದರೆ ಸಾಕು, ತೋರಿಸುವುದು ಲಾರಾವೆಲ್ ಕೆಲಸ. ಹುಡುಗನಿಗೆ ಬೇಸರ ಆಗಬಹುದು. ಅವನ ನಿಜವಾದ ಕೆಲಸ ಆ ಕಾಲಂ ಬೇರೆ ಮಾಡುವುದರಲ್ಲಿದೆ, ಅದು ದೊಡ್ಡ ಕೆಲಸ ಅಂತ ನನ್ನ ಪರವಾಗಿ ಹೇಳಿ.

ಈಗ "ಕೋಟೆ". ಇದು ನನಗೆ ಬಹಳ ಹತ್ತಿರದ ವಿಷಯ, ಸ್ವಲ್ಪ ಉದ್ದ ಬರೆಯುತ್ತೇನೆ.

ಕನ್ನಡದ ಕೆಲವು ಸ್ವರ ಚಿಹ್ನೆಗಳನ್ನು ಯೂನಿಕೋಡ್‌ನಲ್ಲಿ ಒಂದಕ್ಕಿಂತ ಹೆಚ್ಚು ರೀತಿಯಲ್ಲಿ ಬರೆಯಬಹುದು. "ಕೋ" ಅನ್ನುವುದರ ಓತ್ವ ದೀರ್ಘಕ್ಕೆ ಒಂದೇ ಸಂಕೇತ ಇದೆ. ಅದನ್ನೇ ಎತ್ವ, ಕೊಂಬಿನ ದೀರ್ಘ, ಆಮೇಲೆ ದೀರ್ಘದ ಗುರುತು ಅಂತ ಮೂರು ಸಂಕೇತ ಪೋಣಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಕಂಪ್ಯೂಟರ್‌ಗೆ ಬೇರೆ ಬೇರೆ. ಕೀ, ಕೇ, ಕೈ, ಕೊ ಇವುಗಳ ಚಿಹ್ನೆಗಳಿಗೂ ಹೀಗೇ. ಇದನ್ನು ಒಂದೇ ರೂಪಕ್ಕೆ ತರುವ ಕ್ರಮಕ್ಕೆ ಎನ್‌ಎಫ್‌ಸಿ ಅನ್ನುತ್ತಾರೆ. ಪೈಟನ್‌ನಲ್ಲಿ ಅದು ಜೊತೆಗೇ ಬರುತ್ತದೆ, ಪಿಎಚ್‌ಪಿಯಲ್ಲಿ ಇಂಟಲ್ ಎಕ್ಸ್‌ಟೆನ್ಷನ್ ಹಾಕಿಕೊಂಡರೆ ಸಿಗುತ್ತದೆ.

"ಸಂಜೆ"ಯದು ಇನ್ನೊಂದು ಕಥೆ. ಅನುಸ್ವಾರದ ಸೊನ್ನೆಯೂ ಕನ್ನಡ ಅಂಕಿಯ ಸೊನ್ನೆಯೂ ನೋಡಲು ಒಂದೇ ತರಹ. ಟೆಸರಾಕ್ಟ್ ಒಂದರ ಜಾಗದಲ್ಲಿ ಇನ್ನೊಂದನ್ನು ಓದುತ್ತದೆ. ಜನರೂ ಟೈಪ್ ಮಾಡುವಾಗ ಹಾಗೆ ಮಾಡುತ್ತಾರೆ. ಅಕ್ಷರದ ಬೆನ್ನಿಗೇ ಬಂದ ಅಂಕಿ ಸೊನ್ನೆಯನ್ನು ಅನುಸ್ವಾರ ಮಾಡಬೇಕು. ಹಳೆಯ ಸಂಚಿಕೆಗಳಲ್ಲಿ ಇಸವಿ ಕನ್ನಡ ಅಂಕಿಯಲ್ಲಿರುತ್ತದೆ, ಓದುಗರು 1942 ಅಂತ ಹುಡುಕುತ್ತಾರೆ, ಹಾಗಾಗಿ ಅಂಕಿಗಳನ್ನೂ ಬದಲಿಸಬೇಕು. ಇಲ್ಲಿ ಕ್ರಮ ಮುಖ್ಯ. ಮೊದಲು ಅನುಸ್ವಾರ ಸರಿಪಡಿಸಿ, ಆಮೇಲೆ ಅಂಕಿ ಬದಲಿಸಿ. ತಿರುಗಾಮುರುಗಾ ಆದರೆ "ಸಂಜೆ"ಯ ನಡುವೆ ಇಂಗ್ಲಿಷ್ ಸೊನ್ನೆ ಬಂದು ಕೂರುತ್ತದೆ. ಇನ್ನು ಅರ್ಕಾವತ್ತಿನ ಪದಗಳಲ್ಲಿ ಕಣ್ಣಿಗೆ ಕಾಣದ ಜೋಡಕ ಗುರುತುಗಳು ಸೇರಿರಬಹುದು. ಹುಡುಕಾಟಕ್ಕೆ ಅವನ್ನೂ ತೆಗೆಯಬೇಕು.

ಈ ನಿಯಮಗಳನ್ನು ಎಲ್ಲಿ ಬರೆಯುತ್ತೀರಿ ಎನ್ನುವುದೇ ಎರಡು ಭಾಷೆಯ ಸೈಟಿನ ಅಸಲು ಪರೀಕ್ಷೆ. ಪಠ್ಯ ಬರುವುದು ಪೈಟನ್‌ನಿಂದ, ಅಲ್ಲೇ ಸರಿಪಡಿಸೋಣ ಅಂತ ಅನ್ನಿಸುತ್ತದೆ. ಆದರೆ ಓದುಗರು ಟೈಪ್ ಮಾಡುವ ಪದ ಬರುವುದು ಪಿಎಚ್‌ಪಿಗೆ. ಸ್ವಯಂಸೇವಕರು ತಿದ್ದಿದ ಪಠ್ಯವೂ ಪಿಎಚ್‌ಪಿಗೇ ಬರುತ್ತದೆ. ಆಗ ಅದೇ ನಿಯಮವನ್ನು ಎರಡು ಕಡೆ ಬರೆಯಬೇಕಾಗುತ್ತದೆ. ಒಂದು ಕಡೆ ಬದಲಿಸಿ ಇನ್ನೊಂದು ಕಡೆ ಬಿಟ್ಟರೆ ಪುಟಗಳು ಸದ್ದಿಲ್ಲದೆ ಕಳೆದುಹೋಗುತ್ತವೆ. ದೋಷ ಬರುವುದಿಲ್ಲ, ಲಾಗ್‌ನಲ್ಲಿ ಏನೂ ಇರುವುದಿಲ್ಲ. 1938ರ ಒಂದು ಲೇಖನ ಸರ್ವರ್‌ನಲ್ಲಿದ್ದೂ ಯಾರಿಗೂ ಸಿಗುವುದಿಲ್ಲ.

ಹೀಗೆ ಮಾಡಿ. ವರ್ಕರ್ ಟೆಸರಾಕ್ಟ್ ಕೊಟ್ಟಿದ್ದನ್ನು ಹಾಗ್ಹಾಗೇ ಬರೆಯಲಿ. ಲಾರಾವೆಲ್‌ನಲ್ಲಿ ಒಂದೇ ಒಂದು ಫಂಕ್ಷನ್ ಇರಲಿ, ಮೇಲಿನ ನಿಯಮಗಳೆಲ್ಲ ಅದರಲ್ಲಿ. ಹೊಸ ಪಠ್ಯ ಬಂದಾಗ ಷೆಡ್ಯೂಲರ್ ಆ ಫಂಕ್ಷನ್ ಓಡಿಸಿ ಹುಡುಕಾಟದ ಕಾಲಂ ತುಂಬಲಿ. ಓದುಗರ ಪದವೂ ಅದೇ ಫಂಕ್ಷನ್ ದಾಟಿಯೇ ಹೋಗಲಿ. ಮೂಲ ಪಠ್ಯ ಯಾವತ್ತೂ ಮುಟ್ಟದೆ ಉಳಿಯುತ್ತದೆ, ನಿಯಮ ಬದಲಾದರೆ ಹುಡುಕಾಟದ ಕಾಲಂ ಮಾತ್ರ ಮತ್ತೆ ತುಂಬಬಹುದು.

ಪಿಎಚ್‌ಪಿಯಲ್ಲಿ ಕನ್ನಡ ಮುಟ್ಟುವಾಗ ಇನ್ನೊಂದು ಎಚ್ಚರ. "ಕನ್ನಡ" ಅನ್ನುವ ಪದದ ಉದ್ದವನ್ನು ಪೈಟನ್‌ಗೆ ಕೇಳಿದರೆ 5 ಅನ್ನುತ್ತದೆ. ಪಿಎಚ್‌ಪಿಯ ಸ್ಟ್ರ್‌ಲೆನ್‌ಗೆ ಕೇಳಿದರೆ 15 ಅನ್ನುತ್ತದೆ, ಯಾಕೆಂದರೆ ಅದು ಬೈಟ್ ಎಣಿಸುತ್ತದೆ, ಕನ್ನಡದ ಒಂದು ಸಂಕೇತಕ್ಕೆ ಯುಟಿಎಫ್-8ರಲ್ಲಿ 3 ಬೈಟ್. ಎಂಬಿ ಎಂದು ಶುರುವಾಗುವ ಫಂಕ್ಷನ್‌ಗಳನ್ನೇ ಬಳಸಿ, ಪಠ್ಯದ ಮಾದರಿ ಹುಡುಕುವ ರೆಗ್ಯುಲರ್ ಎಕ್ಸ್‌ಪ್ರೆಶನ್‌ಗೆ ಕೊನೆಯಲ್ಲಿ "ಯು" ಗುರುತು ಮರೆಯಬೇಡಿ. ಮೊದಲ 200 ಬೈಟ್ ಕತ್ತರಿಸಿ ಸಾರಾಂಶ ತೋರಿಸಿದರೆ ಅಕ್ಷರ ನಡುವೆ ತುಂಡಾಗುತ್ತದೆ. ಅಂತಹ ತುಂಡು ಪಠ್ಯ ಸಿಕ್ಕರೆ ದತ್ತಾಂಶವನ್ನು ಜೆಸನ್ ಎಂಬ ಪಠ್ಯ ರೂಪಕ್ಕೆ ತರುವ ಪಿಎಚ್‌ಪಿಯ ಜೆಸನ್ ಎನ್‌ಕೋಡ್ ಏನೂ ಕೊಡದೆ ಬರೀ ಫಾಲ್ಸ್ ಹಿಂದಿರುಗಿಸುತ್ತದೆ.

ಜೆಸನ್ ಮಾತು ಬಂತು, ಅದನ್ನೂ ಹೇಳಿಬಿಡುತ್ತೇನೆ. ಮುಂದೆ ಕೆಲಸದ ಜೊತೆ ಆಯ್ಕೆಗಳನ್ನು ಜೆಸನ್ ಆಗಿ ಕಳಿಸುವ ಹಾಗಾದರೆ ಖಾಲಿ ಅರೇ ಬಗ್ಗೆ ಎಚ್ಚರ ಇರಲಿ. ಪಿಎಚ್‌ಪಿಯಲ್ಲಿ ಪಟ್ಟಿಗೂ ಹೆಸರು ಇರುವ ಜೋಡಿಗಳಿಗೂ ಒಂದೇ ಅರೇ. ಒಳಗೆ ಹೆಸರಿನ ಜೋಡಿ ಇದ್ದರೆ ಪೈಟನ್‌ಗೆ ಡಿಕ್ಷನರಿ ತಲುಪುತ್ತದೆ, ಖಾಲಿ ಇದ್ದರೆ ಲಿಸ್ಟ್ ತಲುಪುತ್ತದೆ. ಯಾವ ಆಯ್ಕೆಯನ್ನೂ ಒತ್ತದ ಪುಟಗಳಲ್ಲಿ ಮಾತ್ರ ವರ್ಕರ್ ಬೀಳುತ್ತದೆ. ಹಾಗೆಯೇ ಸಮಯವನ್ನು ಎರಡೂ ಕಡೆ ಯುಟಿಸಿಯಲ್ಲೇ (ಜಾಗತಿಕ ಮಾನಕ ಸಮಯ) ಬರೆಯಿರಿ, ನಮ್ಮ ಐದೂವರೆ ಗಂಟೆ ಸೇರಿಸುವುದು ತೋರಿಸುವಾಗ ಮಾತ್ರ.

ಹಳೆಪುಟ ಬರೆದದ್ದು:

ಸರ್, ಇಷ್ಟು ವಿವರವಾಗಿ ಬರೆದಿದ್ದಕ್ಕೆ ಏನು ಹೇಳಬೇಕೋ ತಿಳಿಯುತ್ತಿಲ್ಲ. ತಿದ್ದುವ ಪರದೆಯನ್ನು ಲಾರಾವೆಲ್‌ಗೆ ತರುತ್ತಿದ್ದೇವೆ. ಹುಡುಗನಿಗೆ ನಿಮ್ಮ ಮಾತು ತಲುಪಿಸಿದೆ, ಖುಷಿಯಾದ. ಹುಡುಕಾಟದ ಫಂಕ್ಷನ್ ಬರೆದ ಮೇಲೆ "ಕೋಟೆ" ಎಲ್ಲ ಪುಟಗಳಲ್ಲೂ ಸಿಗುತ್ತಿದೆ.

ಕೊನೆಯ ಪ್ರಶ್ನೆ. ವರ್ಕರ್ ಓಡುವಾಗ ಸೈಟ್ ನಿಧಾನವಾಗುತ್ತದೆ. ಒಮ್ಮೆ ಮೈಎಸ್‌ಕ್ಯೂಎಲ್ ತಾನಾಗಿ ನಿಂತುಹೋಯಿತು. ಬೇರೆ ಸರ್ವರ್ ತೆಗೆದುಕೊಳ್ಳಲೇಬೇಕೇ? ನಮ್ಮ ಹತ್ತಿರ ದುಡ್ಡು ಕಡಿಮೆ.

ಸರ್ವರ್‌ಕಟ್ಟೆ ಬರೆದದ್ದು:

ಈಗಲೇ ಬೇಡ. ಮೈಎಸ್‌ಕ್ಯೂಎಲ್ ನಿಂತದ್ದು ಮೆಮೊರಿ ಮುಗಿದದ್ದರಿಂದ ಇರಬೇಕು. ಮೆಮೊರಿ ಪೂರ್ತಿ ಖಾಲಿಯಾದಾಗ ಲಿನಕ್ಸ್ ಹೆಚ್ಚು ಮೆಮೊರಿ ಹಿಡಿದಿರುವ ಪ್ರಕ್ರಿಯೆಯನ್ನು ಕೊಲ್ಲುತ್ತದೆ, ನಿಮ್ಮ ಸರ್ವರ್‌ನಲ್ಲಿ ಅದು ಸಾಮಾನ್ಯವಾಗಿ ಡೇಟಾಬೇಸೇ ಆಗಿರುತ್ತದೆ. ಕರ್ನಲ್ ಲಾಗ್‌ನಲ್ಲಿ "ಔಟ್ ಆಫ್ ಮೆಮೊರಿ" ಅಂತ ಇದೆಯಾ ನೋಡಿ. ಇದ್ದರೆ ಸಿಸ್ಟಂಡಿಯಲ್ಲಿ ವರ್ಕರ್‌ಗೆ ಮೆಮೊರಿ ಮ್ಯಾಕ್ಸ್ ಮಿತಿ ಹಾಕಿ, 1.5 ಜಿಬಿಯಿಂದ ಶುರು ಮಾಡಿ. ಮಿತಿ ದಾಟಿದರೆ ವರ್ಕರ್ ಸಾಯುತ್ತದೆ, ಮತ್ತೆ ಏಳುತ್ತದೆ, ಆ ಪುಟ ವಾಪಸ್ ಸಾಲಿಗೆ ಬರುತ್ತದೆ. ಸೈಟ್ ನಿಲ್ಲುವುದಿಲ್ಲ. ಒಂದೇ ಪುಟ ಮೂರು ಸಲ ಹೀಗೆ ಮಾಡಿದರೆ ಅದನ್ನು ಬದಿಗಿಡಿ, ಪ್ರಯತ್ನದ ಎಣಿಕೆ ಟೇಬಲ್‌ನಲ್ಲಿ ಇಟ್ಟದ್ದು ಅದಕ್ಕೇ.

ನಿಧಾನಕ್ಕೆ ಕಾರಣ ಟೆಸರಾಕ್ಟ್ ಒಂದು ಪುಟಕ್ಕೆ ನಾಲ್ಕು ಥ್ರೆಡ್‌ವರೆಗೂ (ಏಕಕಾಲಕ್ಕೆ ಓಡುವ ಎಳೆಗಳು) ಎಬ್ಬಿಸುವುದು. ನಿಮ್ಮಲ್ಲಿರುವುದೇ ಎರಡು ಕೋರ್. ಒಎಂಪಿ ಥ್ರೆಡ್ ಲಿಮಿಟ್ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್ ಅನ್ನು 1 ಮಾಡಿ, ಒಂದು ಕೋರ್ ಓದುಗರಿಗೆ ಉಳಿಯುತ್ತದೆ. ಅದರ ಮೇಲೂ ನಿಧಾನ ಅನ್ನಿಸಿದರೆ ವರ್ಕರ್ ರಾತ್ರಿ ಮಾತ್ರ ಓಡಲಿ.

ಉಬುಂಟುವಿನ ಹೊಸ ಆವೃತ್ತಿ ಅಥವಾ ಡೆಬಿಯನ್ 12 ಇದ್ದರೆ ಪೈಟನ್ ಲೈಬ್ರರಿ ಹಾಕುವ ಪಿಪ್ ನೇರವಾಗಿ ಏನನ್ನೂ ಹಾಕಲು ಬಿಡುವುದಿಲ್ಲ. ಬಲವಂತ ಮಾಡಬೇಡಿ, ವರ್ಕರ್‌ಗೆ ಅದರದೇ ವೆನ್ವ್ (ಪ್ರತ್ಯೇಕ ಪೈಟನ್ ಪರಿಸರ) ಮಾಡಿ. ಅಪ್‌ಲೋಡ್ ಆದ ಚಿತ್ರ ವೆಬ್ ಸರ್ವರ್‌ನ ಯೂಸರ್ ಹೆಸರಿನಲ್ಲಿರುತ್ತದೆ. ವರ್ಕರ್ ಬೇರೆ ಯೂಸರ್ ಆಗಿದ್ದರೆ ಇಬ್ಬರಿಗೂ ಒಂದು ಗ್ರೂಪ್ ಮಾಡಿ, ವರ್ಕರ್‌ಗೆ ಚಿತ್ರ ಓದುವ ಅನುಮತಿ ಮಾತ್ರ ಕೊಡಿ. ಮೂಲ ಸ್ಕ್ಯಾನ್‌ಗಳನ್ನು ಯಾವ ಪ್ರೋಗ್ರಾಂ ಕೂಡ ಅಳಿಸಲಾಗದಂತೆ ಇರಬೇಕು. ಅವುಗಳ ಇನ್ನೊಂದು ಪ್ರತಿ ಬೇರೆ ಊರಿನಲ್ಲಿ ಯಾರ ಮನೆಯಲ್ಲಾದರೂ ಒಂದು ಹಾರ್ಡ್ ಡಿಸ್ಕ್‌ನಲ್ಲಿ ಇರಲಿ. ಮೈಸೂರಿನಲ್ಲಿ ಇಡಲು ನಾನು ಸಿದ್ಧ.

ಮುಂದೆ ಸಂಚಿಕೆಗಳು ಜಾಸ್ತಿಯಾದರೆ ವರ್ಕರ್ ಅನ್ನು ಬೇರೆ ಯಂತ್ರಕ್ಕೆ ಸಾಗಿಸಬಹುದು. ಅದಕ್ಕೆ ಬೇಕಿರುವುದು ಆ ಎರಡು ಟೇಬಲ್ ಮತ್ತು ಚಿತ್ರಗಳು ಮಾತ್ರ. ಲಾರಾವೆಲ್‌ನಲ್ಲಿ ಒಂದು ಸಾಲೂ ಬದಲಾಗುವುದಿಲ್ಲ. ಹುಡುಗನ ಹಳೆಯ ಲ್ಯಾಪ್‌ಟಾಪೇ ರಾತ್ರಿಯಿಡೀ ಆ ಕೆಲಸ ಮಾಡಬಹುದು.

ಕಾಲಂ ಬೇರೆ ಮಾಡುವ ವಿಧಾನವನ್ನು ಅವನಿಂದಲೇ ಇಲ್ಲಿ ಬರೆಸಿ. ಇದೇ ಕೆಲಸ ಮಾಡುತ್ತಿರುವ ಇನ್ನೂ ಕೆಲವರು ನನಗೆ ಗೊತ್ತು, ಎಲ್ಲರೂ ಎರಡು ಕಾಲಂ ಪುಟದಲ್ಲೇ ನಿಂತಿದ್ದಾರೆ.